ಶೇನ್ ಮತ್ತು ಬಾಡಿಗೆ ಕೋವಿಗಳು: ಸಿನಿಮಾ ಹೇಳದ ಜಾನ್ಸನ್ ಕೌಂಟಿಯ ಕಥೆ

'ಶೋಲೆ' ನೋಡದವರು ನಮ್ಮಲ್ಲಿ ಕಡಿಮೆ. ರಾಮನಗರದ ಬಂಡೆಗಳ ನಡುವೆ ಚಿತ್ರೀಕರಣವಾಗಿ 1975ರಲ್ಲಿ ತೆರೆಕಂಡ ಆ ಸಿನಿಮಾದಲ್ಲಿ ಡಕಾಯಿತನ ಕಾಟ ತಪ್ಪಿಸಲು ಠಾಕೂರ್ ಇಬ್ಬರು ಪುಂಡರನ್ನು ದುಡ್ಡು ಕೊಟ್ಟು ಊರಿಗೆ ಕರೆಸುತ್ತಾನೆ. ಹೊರಗಿನಿಂದ ಬಂದ ಕೋವಿಯವನು ಊರಿನ ಕಷ್ಟ ಕಳೆಯುವ ಇಂಥ ಕಥೆಗಳನ್ನು ಜಗತ್ತಿಗೆಲ್ಲ ರೂಢಿ ಮಾಡಿಸಿದ್ದರಲ್ಲಿ ಅಮೆರಿಕದ 'ವೆಸ್ಟರ್ನ್' ಸಿನಿಮಾಗಳ ಪಾಲು ದೊಡ್ಡದು. ಕುದುರೆ, ಅಗಲ ಟೊಪ್ಪಿ, ಸೊಂಟದಲ್ಲಿ ಪಿಸ್ತೂಲು, ಧೂಳು ತುಂಬಿದ ಒಂದೇ ಬೀದಿಯ ಪೇಟೆ... ಇಷ್ಟು ಹೇಳಿದರೆ ಸಾಕು, ಮಕ್ಕಳೂ ಗುರುತಿಸುತ್ತಾರೆ.

ಆ ಸಿನಿಮಾಗಳಲ್ಲಿ ಬಹಳ ಹೆಸರು ಮಾಡಿದ ಒಂದು 'ಶೇನ್'. ನಿರ್ದೇಶಕ ಜಾರ್ಜ್ ಸ್ಟೀವನ್ಸ್, ಬಿಡುಗಡೆಯಾದದ್ದು 1953ರಲ್ಲಿ. ಜಾಕ್ ಶೇಫರ್ ಎಂಬವರು 1949ರಲ್ಲಿ ಪ್ರಕಟಿಸಿದ ಅದೇ ಹೆಸರಿನ ಸಣ್ಣ ಕಾದಂಬರಿ ಅದಕ್ಕೆ ಆಧಾರ. ಕಥೆ ನಡೆಯುವುದು ವಯೋಮಿಂಗ್ ಎಂಬ ಪ್ರಾಂತ್ಯದಲ್ಲಿ. ಕಾದಂಬರಿ ಹೇಳುವ ಕಾಲ 1889. ಇದು ಕಟ್ಟುಕಥೆ ಹೌದು. ಆದರೆ ಅದೇ ವಯೋಮಿಂಗಿನಲ್ಲಿ, ಅದೇ ವರ್ಷಗಳಲ್ಲಿ, ಇದೇ ತರಹದ ಜಗಳ ನಿಜವಾಗಿಯೂ ನಡೆದಿತ್ತು. ನಿಜದ ಜಗಳವನ್ನೂ ಸಿನಿಮಾದ ಜಗಳವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಸಿನಿಮಾದ ಕಥೆ

ಬೆಟ್ಟಗಳ ನಡುವಿನ ಒಂದು ಕಣಿವೆ. ಅಲ್ಲಿ ಜೋ ಸ್ಟಾರೆಟ್ ಎಂಬ ರೈತ, ಅವನ ಹೆಂಡತಿ ಮೇರಿಯನ್, ಮಗ ಜೋಯಿ. ಒಂದು ದಿನ ಕುದುರೆಯ ಮೇಲೆ ಒಬ್ಬ ಅಪರಿಚಿತ ಬರುತ್ತಾನೆ. ಹೆಸರು ಶೇನ್, ಅಷ್ಟೇ. ಊರು ಯಾವುದು, ಹಿಂದೆ ಏನು ಮಾಡುತ್ತಿದ್ದ, ಒಂದೂ ಹೇಳುವುದಿಲ್ಲ. ಆದರೆ ಹುಡುಗನ ಕೈಯಲ್ಲಿದ್ದ ಕೋವಿ 'ಕ್ಲಿಕ್' ಎಂದ ಕೂಡಲೇ ಅವನು ತಿರುಗುವ ರೀತಿ ನೋಡಿದರೆ ಸಾಕು, ಕಸುಬು ಯಾವುದೆಂದು ಗೊತ್ತಾಗುತ್ತದೆ. ಇವನು ದನದ ಧಣಿ ರೈಕರನ ಕಡೆಯವನಿರಬೇಕು ಎಂದು ಸಂಶಯಪಟ್ಟ ಜೋ, ಕೋವಿ ತೋರಿಸಿಯೇ ಹೊರಡು ಅನ್ನುತ್ತಾನೆ. ಆಮೇಲೆ ರೈಕರನ ಕಡೆಯವರು ಬೆದರಿಸಲು ಬಂದಾಗ ಶೇನ್ ಜೋವಿನ ಬೆನ್ನಿಗೆ ನಿಲ್ಲುತ್ತಾನೆ. ಅಲ್ಲಿಂದ ಅವನು ಆ ಮನೆಯ ಕೆಲಸದಾಳು. ಪಿಸ್ತೂಲು ಬಿಚ್ಚಿಟ್ಟು ಕೊಡಲಿ ಹಿಡಿಯುತ್ತಾನೆ.

ರೈಕರನಿಗೆ ಇಡೀ ಕಣಿವೆ ತನ್ನ ದನಗಳಿಗೆ ಬೇಕು. ರೈತರು ಏಳುವುದಿಲ್ಲ. ಕೊನೆಗೆ ಅವನು ವಿಲ್ಸನ್ ಎಂಬ ಬಾಡಿಗೆ ಕೊಲೆಗಾರನನ್ನು ಕರೆಸುತ್ತಾನೆ. ವಿಲ್ಸನ್ ಟೋರಿ ಎಂಬ ರೈತನನ್ನು ಕೆರಳಿಸಿ, ಅವನು ಪಿಸ್ತೂಲಿಗೆ ಕೈಹಾಕುವಂತೆ ಮಾಡಿ, ಕೆಸರು ಬೀದಿಯಲ್ಲಿ ಹೊಡೆದು ಹಾಕುತ್ತಾನೆ. ಈ ದೃಶ್ಯ ನೋಡಿದವರು ಮರೆಯಲಾರರು. ಗುಂಡಿನ ಸದ್ದನ್ನು ಸ್ಟೀವನ್ಸ್ ಬೇಕೆಂದೇ ಕಿವಿಗಡಚಿಕ್ಕುವಷ್ಟು ದೊಡ್ಡದು ಮಾಡಿಸಿದ್ದರು. ಗುಂಡು ತಾಗಿದವನು ಹಿಂದಕ್ಕೆ ಎಸೆಯಲ್ಪಡುವಂತೆ ಕಾಣಲು ನಟನಿಗೆ ತಂತಿ ಕಟ್ಟಿ ಎಳೆಸಿದ್ದರು. ಎರಡನೇ ಮಹಾಯುದ್ಧದಲ್ಲಿ ಸ್ಟೀವನ್ಸ್ ಅಮೆರಿಕನ್ ಸೇನೆಯ ಚಲನಚಿತ್ರ ತುಕಡಿಯಲ್ಲಿದ್ದವರು. 1945ರಲ್ಲಿ ಡಾಖಾವ್ ನಾಜಿ ಶಿಬಿರದ ಭೀಕರತೆಯನ್ನು ಕ್ಯಾಮರಾದಲ್ಲಿ ದಾಖಲಿಸಿದವರು. ಸಾವು ಆಟದ ವಸ್ತುವಲ್ಲ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕೊನೆಯಲ್ಲಿ ಜೋ ತಾನೇ ಹೋಗಿ ಎದುರಿಸುತ್ತೇನೆಂದು ಹೊರಟಾಗ ಶೇನ್ ಅವನನ್ನು ಹೊಡೆದು ಕೆಡವಿ, ತಾನು ಹೋಗಿ ವಿಲ್ಸನನನ್ನೂ ರೈಕರ್ ಅಣ್ಣತಮ್ಮಂದಿರನ್ನೂ ಮುಗಿಸುತ್ತಾನೆ. ಆಮೇಲೆ ಅಲ್ಲಿ ಉಳಿಯುವುದಿಲ್ಲ. ಗಾಯಗೊಂಡವನು ಕುದುರೆ ಹತ್ತಿ ಬೆಟ್ಟದ ಕಡೆ ಹೋಗುತ್ತಾನೆ. ಹುಡುಗ ಕೂಗಿ ಕರೆದರೂ ತಿರುಗಿ ನೋಡುವುದಿಲ್ಲ.

ಊರನ್ನು ಉಳಿಸಿದವನಿಗೇ ಊರಲ್ಲಿ ಜಾಗವಿಲ್ಲ! ಬರುವಾಗ ಬೇಡವಾಗಿದ್ದ, ಹೋಗುವಾಗ ತಾನಾಗಿಯೇ ಬೇಡವಾದ. ಈ ಕಣಿವೆಯಲ್ಲಿ ಒಂದೇ ಒಂದು ಕೋವಿ ಇಲ್ಲದಿದ್ದರೆ, ನಿನ್ನದೂ ಸೇರಿ, ಎಷ್ಟು ಒಳ್ಳೆಯದಿತ್ತು ಎಂಬ ಅರ್ಥದ ಮಾತನ್ನು ಮೇರಿಯನ್ ಅವನಿಗೆ ಮೊದಲೇ ಹೇಳಿರುತ್ತಾಳೆ. ಸಿನಿಮಾದ ತಿರುಳೇ ಅದು.

ಜಗಳದ ಬೇರು: ನೆಲ

ಈಗ ಚರಿತ್ರೆಗೆ ಬರೋಣ. 1862ರ ಮೇ 20ರಂದು ಅಧ್ಯಕ್ಷ ಅಬ್ರಹಾಂ ಲಿಂಕನ್ 'ಹೋಮ್‌ಸ್ಟೆಡ್ ಕಾಯಿದೆ'ಗೆ ಸಹಿ ಹಾಕಿದರು. ಸರಕಾರಿ ಜಾಗದಲ್ಲಿ 160 ಎಕ್ರೆ ಗುರುತು ಮಾಡಿಕೊಂಡು, ಮನೆ ಕಟ್ಟಿ, 5 ವರ್ಷ ಬೇಸಾಯ ಮಾಡಿದರೆ, ಸಣ್ಣ ಶುಲ್ಕ ಕಟ್ಟಿ ಅದನ್ನು ಸ್ವಂತ ಮಾಡಿಕೊಳ್ಳಬಹುದು ಎಂದು ಆ ಕಾಯಿದೆ ಹೇಳಿತು. ಜಾಗವಿಲ್ಲದವರು ಸಾವಿರ ಸಾವಿರ ಸಂಖ್ಯೆಯಲ್ಲಿ ಪಶ್ಚಿಮಕ್ಕೆ ಹೊರಟರು. ಸ್ಟಾರೆಟ್‌ನಂಥವರು ಇವರೇ.

ಆದರೆ ವಯೋಮಿಂಗಿನಲ್ಲಿ ಅವರಿಗಿಂತ ಮೊದಲೇ ದನದ ಧಣಿಗಳು ಬಂದು ಕೂತಿದ್ದರು. ಅವರ ಕೈಯಲ್ಲಿ ಪಟ್ಟೆ ಇದ್ದ ಜಾಗ ಸ್ವಲ್ಪ. ದನ ಮೇಯುತ್ತಿದ್ದದ್ದು ಬೇಲಿಯಿಲ್ಲದ ಸರಕಾರಿ ಹುಲ್ಲುಗಾವಲಿನಲ್ಲಿ. ನಮ್ಮ ಕಾಸರಗೋಡಿನವರಿಗೆ ಇದನ್ನು ವಿವರಿಸುವುದು ಸುಲಭ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯ ಕ್ರಮದಲ್ಲಿ ವರ್ಗ ಜಾಗಕ್ಕೆ ತಾಗಿದ 100 ಗಜದ ಸರಕಾರಿ ಜಾಗಕ್ಕೆ ಕುಮ್ಕಿ ಅನ್ನುತ್ತೇವಲ್ಲ? ಸೊಪ್ಪು ತರಬಹುದು, ದನ ಮೇಯಿಸಬಹುದು, ಆದರೆ ಜಾಗ ನಮ್ಮದಲ್ಲ. ವಯೋಮಿಂಗಿನ ಧಣಿಗಳದ್ದು ಅಂಥದ್ದೇ ಅನುಭೋಗ, ಆದರೆ ಅಳತೆ ಗಜದಲ್ಲಿ ಅಲ್ಲ, ಮೈಲುಗಳಲ್ಲಿ! ಕಾನೂನಿನ ಕಾಗದವೂ ಇಲ್ಲ. ಹಲವು ವರ್ಷ ಮೇಯಿಸಿದ್ದೇವೆ, ಹಾಗಾಗಿ ನಮ್ಮದು ಎಂಬ ವಾದ ಮಾತ್ರ. ಸಿನಿಮಾದ ರೈಕರ್ ಕೂಡ ಇದನ್ನೇ ಹೇಳುತ್ತಾನೆ. ನಾವು ರಕ್ತ ಸುರಿಸಿ ಈ ಸೀಮೆಯನ್ನು ಹದಕ್ಕೆ ತಂದೆವು, ನೀವು ಆಮೇಲೆ ಬಂದು ಬೇಲಿ ಹಾಕುತ್ತೀರಿ ಎಂಬುದು ಅವನ ಸಂಕಟ.

ಬೇಲಿ ಎಂದರೆ ಮುಳ್ಳುತಂತಿ. 1874ರಲ್ಲಿ ಜೋಸೆಫ್ ಗ್ಲಿಡೆನ್ ಎಂಬವರಿಗೆ ಮುಳ್ಳುತಂತಿಯ ಪೇಟೆಂಟ್ ಸಿಕ್ಕಿತು. ಮರವೇ ಇಲ್ಲದ ಬಯಲಿನಲ್ಲೂ ಕಡಿಮೆ ಖರ್ಚಿನಲ್ಲಿ ಬೇಲಿ ಹಾಕುವುದು ಸಾಧ್ಯವಾಯಿತು. ರೈತ ಹೊಳೆ ಬದಿಯ 160 ಎಕ್ರೆಗೆ ಬೇಲಿ ಹಾಕಿದರೆ ಅದರ ಹಿಂದಿನ ಸಾವಿರಾರು ಎಕ್ರೆ ಹುಲ್ಲಿದ್ದೂ ಉಪಯೋಗವಿಲ್ಲ, ಯಾಕೆಂದರೆ ದನಕ್ಕೆ ನೀರಿಲ್ಲ. ಹಾಗಾಗಿ ಜಗಳ ನೆಲಕ್ಕಿಂತ ಹೆಚ್ಚಾಗಿ ನೀರಿನದ್ದು. ರೈತನಿಗೂ ಆ 160 ಎಕ್ರೆ ಸಾಲುತ್ತಿರಲಿಲ್ಲ ಅನ್ನುವುದು ಇನ್ನೊಂದು ಸತ್ಯ. ಮಳೆ ಕಡಿಮೆ ಇರುವ ಈ ಸೀಮೆಯಲ್ಲಿ ದನ ಸಾಕಿ ಬದುಕಲು ಒಂದು ಸಂಸಾರಕ್ಕೆ 2,560 ಎಕ್ರೆ ಬೇಕು ಎಂದು ಜಾನ್ ವೆಸ್ಲಿ ಪೊವೆಲ್ 1878ರಲ್ಲೇ ಸರಕಾರಕ್ಕೆ ವರದಿ ಕೊಟ್ಟಿದ್ದರು. ಕೇಳಿದವರಿಲ್ಲ.

ಒಂದು ಚಳಿಗಾಲ, ಒಂದು ಪಟ್ಟಿ

1886-87ರ ಚಳಿಗಾಲ ಅಲ್ಲಿ ಭಯಂಕರವಾಗಿತ್ತು. ಮಿತಿಮೀರಿ ದನ ತುಂಬಿಸಿದ್ದ ಹುಲ್ಲುಗಾವಲು, ಮೇಲೆ ಹಿಮದ ಪದರ. ಲಕ್ಷಗಟ್ಟಲೆ ದನಗಳು ನಿಂತಲ್ಲೇ ಸತ್ತವು. ಬ್ರಿಟನ್ನಿನಿಂದಲೂ ಬಂಡವಾಳ ತಂದಿದ್ದ ದೊಡ್ಡ ದೊಡ್ಡ ಕಂಪೆನಿಗಳು ಮುಳುಗಿದವು. ಉಳಿದ ಧಣಿಗಳು ನಷ್ಟಕ್ಕೆ ಕಾರಣ ಹುಡುಕಿದರು. ಅವರಿಗೆ ಸಿಕ್ಕಿದ ಕಾರಣ: ದನಕಳ್ಳರು.

ಕಳ್ಳತನ ಇರಲೇ ಇಲ್ಲ ಎನ್ನುವಂತಿಲ್ಲ. ಇತ್ತು. ಆದರೆ ಕಳ್ಳ ಯಾರು ಎಂದು ತೀರ್ಮಾನಿಸುವ ಅಧಿಕಾರ ಯಾರ ಕೈಯಲ್ಲಿತ್ತು ಎಂಬುದು ಮುಖ್ಯ. 1884ರ ಕಾನೂನಿನ ಪ್ರಕಾರ ಬರೆ ಹಾಕದ ತಬ್ಬಲಿ ಕರುಗಳೆಲ್ಲ ಧಣಿಗಳ ಸಂಘದ ಪಾಲು. ಆ ಸಂಘದ ಹೆಸರು 'ವಯೋಮಿಂಗ್ ಸ್ಟಾಕ್ ಗ್ರೋವರ್ಸ್ ಅಸೋಸಿಯೇಷನ್'. ಕೂಲಿಗೆ ದುಡಿಯುವ ಕೌಬಾಯ್ ಸ್ವಂತಕ್ಕೆ ನಾಲ್ಕು ದನ ಸಾಕಿದರೆ ಅವನ ಹೆಸರು ಕಪ್ಪುಪಟ್ಟಿಗೆ ಹೋಗುತ್ತಿತ್ತು. ಆಮೇಲೆ ಯಾವ ಧಣಿಯೂ ಕೆಲಸ ಕೊಡುವುದಿಲ್ಲ.

1889ರ ಜುಲೈ 20ರಂದು ಎಲ್ಲಾ ವಾಟ್ಸನ್ ಎಂಬ ಹೆಂಗಸನ್ನೂ ಜಿಮ್ ಆವೆರಲ್ ಎಂಬವನನ್ನೂ ಆರು ಮಂದಿ ದನದ ಧಣಿಗಳು ಹಿಡಿದೊಯ್ದು ಮರಕ್ಕೆ ನೇತುಹಾಕಿ ಕೊಂದರು. ಇಬ್ಬರೂ ಕಾಯಿದೆ ಪ್ರಕಾರ ಜಾಗ ಮಾಡಿಕೊಂಡವರು. ಅವರ ಜಾಗ ಒಬ್ಬ ಧಣಿಯ ದನದ ನೀರಿನ ದಾರಿಗೆ ಅಡ್ಡವಾಗಿತ್ತು. ಧಣಿಗಳ ಪರವಾಗಿದ್ದ ಪತ್ರಿಕೆಗಳು ಆ ಹೆಂಗಸನ್ನು ದನಕಳ್ಳಿ, ನಡತೆಗೆಟ್ಟವಳು ಎಂದೆಲ್ಲ ಬರೆದವು. ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಶೇಫರ್ ತಮ್ಮ ಕಾದಂಬರಿಗೆ ಇಟ್ಟ ವರ್ಷ ಇದೇ ಎಂಬುದನ್ನು ಗಮನಿಸಿ.

ರೈಲಿನಲ್ಲಿ ಬಂದ ಕೋವಿಗಳು

ವಯೋಮಿಂಗಿನ ಉತ್ತರದಲ್ಲಿ ಜಾನ್ಸನ್ ಕೌಂಟಿ ಎಂಬ ಜಿಲ್ಲೆ. ಅದರ ಮುಖ್ಯ ಪೇಟೆ ಬಫೆಲೋ. ಅಲ್ಲಿ ಸಣ್ಣ ರೈತರು, ಸಣ್ಣ ದನಗಾರರೇ ಹೆಚ್ಚು. ಷೆರಿಫ್ ಎಂದರೆ ಜಿಲ್ಲೆಯ ಪೊಲೀಸ್ ಮುಖ್ಯಸ್ಥ. ಅವನನ್ನು ಆರಿಸುವುದು ಜನರೇ. ಕೋರ್ಟಿನಲ್ಲಿ ಜೂರಿಯಾಗಿ ಕೂರುವವರೂ ಅಕ್ಕಪಕ್ಕದವರೇ. ಧಣಿಗಳು ದನಕಳ್ಳತನದ ಕೇಸು ಹಾಕಿದರೆ ಅಲ್ಲಿ ನಿಲ್ಲುತ್ತಿರಲಿಲ್ಲ. 1891ರ ಕೊನೆಯಲ್ಲಿ ಇಬ್ಬರು ಸಣ್ಣ ದನಗಾರರನ್ನು ಹೊಂಚುಹಾಕಿ ಕೊಂದರು. ಆದರೂ ಜನ ಹೆದರಲಿಲ್ಲ. ಬದಲಿಗೆ ತಮ್ಮದೇ ಸಂಘ ಕಟ್ಟಿ, 1892ರ ವಸಂತದಲ್ಲಿ ಧಣಿಗಳಿಗಿಂತ ಮೊದಲೇ ತಾವು ದನ ಒಟ್ಟುಗೂಡಿಸಿ ಬರೆ ಹಾಕುತ್ತೇವೆಂದು ಸಾರಿದರು. ಅವರ ಮುಂದಾಳು ನೇಟ್ ಚಾಂಪಿಯನ್.

ಆಗ ಧಣಿಗಳು ಮಾಡಿದ್ದೇನು ಗೊತ್ತೇ? ಟೆಕ್ಸಾಸ್‌ನಿಂದ ಇಪ್ಪತ್ತಕ್ಕೂ ಹೆಚ್ಚು ಬಾಡಿಗೆ ಕೋವಿಯವರನ್ನು ತರಿಸಿದರು. ದಿನಕ್ಕೆ 5 ಡಾಲರ್ ಸಂಬಳ, ಕೊಂದ ಪ್ರತಿಯೊಬ್ಬನಿಗೆ 50 ಡಾಲರ್ ಮೇಲುಪಾವತಿ. ಕೊಲ್ಲಬೇಕಾದವರ ಹೆಸರಿನ ಒಂದು ಪಟ್ಟಿಯೂ ಇತ್ತು. ಧಣಿಗಳೂ ಅವರ ಮೇಸ್ತ್ರಿಗಳೂ ಸೇರಿ ಒಟ್ಟು ಸುಮಾರು 50 ಮಂದಿ. ಜೊತೆಗೆ ಒಬ್ಬ ಡಾಕ್ಟರ್, ಇಬ್ಬರು ಪತ್ರಿಕಾ ವರದಿಗಾರರು! 1892ರ ಏಪ್ರಿಲ್ 5ರಂದು ಇವರೆಲ್ಲ ರಾಜಧಾನಿ ಶಯಾನ್‌ನಿಂದ ವಿಶೇಷ ರೈಲಿನಲ್ಲಿ ಹೊರಟರು. ಜಾನ್ಸನ್ ಕೌಂಟಿಗೆ ಸುದ್ದಿ ಮುಟ್ಟದಂತೆ ತಂತಿಯನ್ನೂ ಕತ್ತರಿಸಿದರು.

ಏಪ್ರಿಲ್ 9ರ ಬೆಳಗ್ಗೆ ಕೆಸಿ ರಾಂಚ್ ಎಂಬಲ್ಲಿ ನೇಟ್ ಚಾಂಪಿಯನ್ ಇದ್ದ ಮರದ ಮನೆಯನ್ನು ಸುತ್ತುವರಿದರು. ಒಳಗಿದ್ದ ನಾಲ್ವರಲ್ಲಿ ಇಬ್ಬರು ನೀರು-ಸೌದೆಗೆಂದು ಹೊರಬಂದಾಗ ಸಿಕ್ಕಿಬಿದ್ದರು. ಗೆಳೆಯ ನಿಕ್ ರೇ ಬಾಗಿಲಿಗೆ ಬಂದಾಗ ಗುಂಡು ತಾಗಿತು. ಚಾಂಪಿಯನ್ ಅವನನ್ನು ಒಳಕ್ಕೆ ಎಳೆದುಕೊಂಡ, ಆದರೆ ಅವನು ಉಳಿಯಲಿಲ್ಲ. ಆಮೇಲೆ ಒಬ್ಬನೇ, ಐವತ್ತು ಮಂದಿಗೆ ಎದುರಾಗಿ, ಮಧ್ಯಾಹ್ನ ಕಳೆಯುವವರೆಗೆ ಹೋರಾಡಿದ. ಗುಂಡಿನ ನಡುವೆ ಒಂದು ಸಣ್ಣ ಕಿಸೆಪುಸ್ತಕದಲ್ಲಿ ನಡೆಯುತ್ತಿದ್ದದ್ದನ್ನು ಬರೆಯುತ್ತಾ ಹೋದ. ಕೊನೆಗೆ ಗಾಡಿಗೆ ಬೆಂಕಿಯಿಟ್ಟು ಮನೆಗೆ ತಳ್ಳಿದರು. ಹೊಗೆ ತಾಳದೆ ಹೊರಗೆ ಓಡಿಬಂದ ಚಾಂಪಿಯನ್‌ನನ್ನು ಹೊಡೆದು ಕೊಂದರು. ಆ ಪುಸ್ತಕದ ಬರಹ ಮಾತ್ರ ಸಾಯಲಿಲ್ಲ. ಜೊತೆಯಲ್ಲಿದ್ದ ವರದಿಗಾರ ಸ್ಯಾಮ್ ಕ್ಲೋವರ್ ಮೂಲಕ ಅದು ಶಿಕಾಗೊ ಪತ್ರಿಕೆಯಲ್ಲಿ ಅಚ್ಚಾಯಿತು.

ಒಬ್ಬನಲ್ಲ, ಇಡೀ ಊರು

ಆ ದಿನ ಅದೇ ದಾರಿಯಾಗಿ ಬಂದ ಜಾಕ್ ಫ್ಲಾಗ್ ಎಂಬವನು ತಪ್ಪಿಸಿಕೊಂಡು ಸುದ್ದಿ ಮುಟ್ಟಿಸಿದ. ಬಫೆಲೋ ಪೇಟೆ ಎದ್ದಿತು. ರಾಬರ್ಟ್ ಫೂಟ್ ಎಂಬ ವ್ಯಾಪಾರಿ ತನ್ನ ಅಂಗಡಿ ತೆರೆದು, ಬೇಕಾದವರು ಕೋವಿ-ಮದ್ದುಗುಂಡು ತೆಗೆದುಕೊಳ್ಳಿ ಎಂದ. ಷೆರಿಫ್ ರೆಡ್ ಆಂಗಸ್ ಕೈಕೆಳಗೆ ಇನ್ನೂರಕ್ಕೂ ಹೆಚ್ಚು ಮಂದಿ ಸೇರಿ, ಟಿಎ ರಾಂಚಿನಲ್ಲಿ ಅಡಗಿದ್ದ ಧಣಿಗಳ ಪಡೆಗೇ ಮುತ್ತಿಗೆ ಹಾಕಿದರು. ಅಂದರೆ ಬೇಟೆಗೆ ಬಂದವರೇ ಬೋನಿಗೆ ಬಿದ್ದರು!

ಮುಂದಿನದ್ದನ್ನು ನೋಡಿ. ವಯೋಮಿಂಗ್ 1890ರಲ್ಲಷ್ಟೇ ರಾಜ್ಯವಾಗಿತ್ತು. ಹಂಗಾಮಿ ಗವರ್ನರ್ ಏಮಸ್ ಬಾರ್ಬರ್ ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್‌ಗೆ ತಂತಿ ಕಳುಹಿಸಿದರು. ರಾಜ್ಯದ ಸೆನೆಟರುಗಳು ಹೋಗಿ ಅಧ್ಯಕ್ಷರನ್ನು ರಾತ್ರಿಯೇ ಕಂಡರು. ಏಪ್ರಿಲ್ 13ರ ಬೆಳಗ್ಗೆ ಅಲ್ಲೇ ಹತ್ತಿರದ ಮೆಕಿನ್ನಿ ಕೋಟೆಯಿಂದ ಸೇನೆ ಬಂದು ನಿಂತಿತು. ಧಣಿಗಳು ಸೇನೆಗೆ ಶರಣಾದರು, ಅಂದರೆ ಜೀವ ಉಳಿಸಿಕೊಂಡರು. ಅವರನ್ನು ಷೆರಿಫನ ಕೈಗೆ ಕೊಡಲಿಲ್ಲ, ಶಯಾನ್‌ಗೆ ಒಯ್ದರು. ಕೆಸಿ ರಾಂಚಿನಲ್ಲಿ ಸಿಕ್ಕಿಬಿದ್ದಿದ್ದ ಇಬ್ಬರು ಸಾಕ್ಷಿಗಳನ್ನು ದುಡ್ಡಿನ ಆಸೆ ತೋರಿಸಿ ರಾಜ್ಯದಿಂದಲೇ ಹೊರಗೆ ಸಾಗಿಸಿದರು. ಅವರಿಗೆ ಕೊಟ್ಟ ಚೆಕ್ಕುಗಳೂ ಬ್ಯಾಂಕಿನಲ್ಲಿ ಪಾಸಾಗಲಿಲ್ಲ ಎನ್ನುತ್ತಾರೆ. ಕೈದಿಗಳ ಖರ್ಚು ಬಡ ಜಿಲ್ಲೆಯಾದ ಜಾನ್ಸನ್ ಕೌಂಟಿಯ ತಲೆಗೆ ಬಿತ್ತು. ಜಾಮೀನು ಸಿಕ್ಕಿದ ಟೆಕ್ಸಾಸ್‌ನವರು ಮತ್ತೆ ಕಾಣಿಸಲಿಲ್ಲ. 1893ರ ಜನವರಿಯಲ್ಲಿ ಕೇಸು ಬಿದ್ದುಹೋಯಿತು.

ಸಿನಿಮಾಕ್ಕೂ ಚರಿತ್ರೆಗೂ ಇರುವ ಅಂತರ

ಸಿನಿಮಾದಲ್ಲಿ ಕಣಿವೆಗೆ ಕಾನೂನು ಇಲ್ಲ. ಅದು ದಿನಗಟ್ಟಲೆ ಪ್ರಯಾಣದಷ್ಟು ದೂರ. ಆದ್ದರಿಂದ ಕೆಟ್ಟ ಕೋವಿಗೆ ಒಳ್ಳೆಯ ಕೋವಿಯೇ ಮದ್ದು. ಜಾನ್ಸನ್ ಕೌಂಟಿಯಲ್ಲಿ ಕಾನೂನು ಇತ್ತು. ಜನ ಆರಿಸಿದ ಷೆರಿಫ್ ಇದ್ದ, ಕೋರ್ಟು ಇತ್ತು, ಜೂರಿ ಇತ್ತು. ಆ ಕಾನೂನು ತಮ್ಮ ಮಾತು ಕೇಳುವುದಿಲ್ಲ ಎಂದೇ ಧಣಿಗಳು ಕೋವಿ ತರಿಸಿದರು. ತಾವು ಸಿಕ್ಕಿಬಿದ್ದಾಗ ಮಾತ್ರ ಅವರಿಗೆ ಕಾನೂನು ಬೇಕಾಯಿತು, ಅದೂ ದೂರದ ವಾಷಿಂಗ್ಟನ್ನಿನ ಕಾನೂನು. ಕೋವಿ ಬಂದದ್ದು ಕಾನೂನು ಇಲ್ಲದ್ದರಿಂದ ಎಂದು ಸಿನಿಮಾ ನೋಡಿದವರು ನಂಬುತ್ತಾರೆ. ಚರಿತ್ರೆ ಓದಿದರೆ ಕೋವಿಗೆ ಸಂಬಳ ಕೊಟ್ಟವರ ಹೆಸರು ಸಿಗುತ್ತದೆ.

ಸಿನಿಮಾದ ಕೋವಿಯವನು ಒಂಟಿ, ಗುಟ್ಟಿನ ಮನುಷ್ಯ, ಮನಸ್ಸಿನಲ್ಲಿ ನೋವು. ನಿಜದ ಕೋವಿಯವರು ದಿನಗೂಲಿಯವರು, ರೈಲಿನಲ್ಲಿ ಗುಂಪಾಗಿ ಬಂದವರು. ಅವರನ್ನು ತಡೆದದ್ದು ಬೆಟ್ಟದಿಂದ ಇಳಿದುಬಂದ ಒಬ್ಬ ಶೇನ್ ಅಲ್ಲ. ಅಂಗಡಿಯವನು, ರೈತ, ಕೌಬಾಯ್ ಎಲ್ಲ ಸೇರಿದ ಒಂದು ಊರು. ಶೇನ್ ಬಾರದೇ ಇದ್ದಿದ್ದರೆ ಸ್ಟಾರೆಟ್‌ನ ಗತಿ ಏನು ಎಂದು ಸಿನಿಮಾ ನಮ್ಮನ್ನು ಕೇಳಿಸುತ್ತದೆ. ಬಫೆಲೋದ ಜನ ಅದಕ್ಕೆ ಉತ್ತರ ಕೊಟ್ಟಿದ್ದರು.

ಇನ್ನೊಂದು ಸಂಗತಿಯನ್ನು ಬಿಟ್ಟರೆ ಈ ಬರಹ ಅರ್ಧವೇ ಆದೀತು. ರೈಕರನದ್ದೋ ಸ್ಟಾರೆಟ್‌ನದ್ದೋ ಎಂದು ಜಗಳ ನಡೆಯಿತಲ್ಲ, ಆ ನೆಲ ಅದಕ್ಕೂ ಮೊದಲು ಯಾರದ್ದು? ನೇಟ್ ಚಾಂಪಿಯನ್ ಸತ್ತ ಜಾಗ ಪೌಡರ್ ನದಿಯ ಸೀಮೆಯಲ್ಲಿದೆ. 1868ರ ಲಾರಮಿ ಕೋಟೆ ಒಪ್ಪಂದದಲ್ಲಿ ಇದನ್ನು ಮೂಲನಿವಾಸಿಗಳು ಬಿಟ್ಟುಕೊಡದ ಬೇಟೆಯ ನೆಲ ಎಂದು ಸರಕಾರವೇ ಒಪ್ಪಿತ್ತು. 1876ರ ನವೆಂಬರ್ 25ರಂದು ಅದೇ ನದಿಯ ಒಂದು ಕವಲಿನ ದಡದಲ್ಲಿ, ಇಂದಿನ ಜಾನ್ಸನ್ ಕೌಂಟಿಯಲ್ಲೇ, ಮಾರ್ನಿಂಗ್ ಸ್ಟಾರ್ ಎಂಬ ನಾಯಕನ ಶಯಾನ್ ಬುಡಕಟ್ಟಿನ ಹಳ್ಳಿಯ ಮೇಲೆ ಕರ್ನಲ್ ಮೆಕೆಂಜಿಯ ಸೇನೆ ದಾಳಿ ಮಾಡಿತು. ನೂರೈವತ್ತಕ್ಕೂ ಹೆಚ್ಚು ಗುಡಾರಗಳನ್ನೂ ಚಳಿಗಾಲಕ್ಕೆಂದು ಕೂಡಿಟ್ಟ ಆಹಾರವನ್ನೂ ಸುಟ್ಟುಹಾಕಿತು. ಹಿಮದಲ್ಲಿ ಓಡಿಹೋದವರಲ್ಲಿ ಎಳೆಯ ಮಕ್ಕಳು ಚಳಿಗೆ ಸತ್ತರು. ಧಣಿಗಳ ದನ ಅಲ್ಲಿಗೆ ಬಂದದ್ದು ಇಷ್ಟೆಲ್ಲ ಆದ ಮೇಲೆ. ಯಾವ ಜನರ ಹೆಸರನ್ನು ರಾಜಧಾನಿಗೆ ಇಟ್ಟರೋ ಆ ಜನರನ್ನೇ ಅಲ್ಲಿಂದ ಓಡಿಸಿದ್ದರು. ಸಿನಿಮಾದಲ್ಲಿ ಅವರ ಸುದ್ದಿ ಬರುವುದು ರೈಕರನ ಮಾತಿನಲ್ಲಿ ಮಾತ್ರ, ತನಗೆ ಬಾಣ ಹೊಡೆದವರು ಎಂದು.

ಯಾರ ಕಥೆ ಉಳಿಯುತ್ತದೆ?

ಜಾನ್ಸನ್ ಕೌಂಟಿಯ ಬಗ್ಗೆ ಏಸಾ ಮರ್ಸರ್ ಎಂಬ ಪತ್ರಕರ್ತ 1894ರಲ್ಲೇ ಒಂದು ಪುಸ್ತಕ ಬರೆದ. ಅದರ ಹೆಸರಿಗೆ 'ಬಯಲಿನ ಡಕಾಯಿತರು' ಎಂದು ಅರ್ಥ. ಡಕಾಯಿತರೆಂದರೆ ಧಣಿಗಳು! ಆ ಪುಸ್ತಕ ಜನರ ಕೈಗೆ ಹೋಗದಂತೆ ತಡೆಯುವ ಪ್ರಯತ್ನಗಳು ನಡೆದವು. ಇನ್ನೊಂದು ಕಡೆ ಓವನ್ ವಿಸ್ಟರ್ 1902ರಲ್ಲಿ ಬರೆದ 'ದ ವರ್ಜಿನಿಯನ್' ಕಾದಂಬರಿಯಲ್ಲಿ ದನಕಳ್ಳರನ್ನು ನೇಣಿಗೆ ಹಾಕುವವನೇ ನಾಯಕ. ಅದು ಲಕ್ಷಗಟ್ಟಲೆ ಪ್ರತಿ ಮಾರಾಟವಾಗಿ ವೆಸ್ಟರ್ನ್ ಕಥೆಗಳಿಗೆಲ್ಲ ಮೇಲ್ಪಂಕ್ತಿಯಾಯಿತು. 'ಶೇನ್' ಮತ್ತೆ ರೈತರ ಕಡೆ ನಿಂತಿತು, ನಿಜ. ಆದರೆ ರೈತರ ಒಗ್ಗಟ್ಟನ್ನು ತೆಗೆದು ಆ ಜಾಗದಲ್ಲಿ ಒಬ್ಬ ವೀರನನ್ನು ಇಟ್ಟಿತು. ಇದರಲ್ಲಿ ಒಂದು ತಮಾಷೆಯೂ ಉಂಟು. ಅದನ್ನು ಬರೆಯುವಾಗ ಶೇಫರ್ ಆ ಪಶ್ಚಿಮದ ಸೀಮೆಯನ್ನು ಕಣ್ಣಾರೆ ಕಂಡೇ ಇರಲಿಲ್ಲ. 1980ರ 'ಹೆವನ್ಸ್ ಗೇಟ್' ಸಿನಿಮಾ ಚಾಂಪಿಯನ್, ವಾಟ್ಸನ್, ಆವೆರಲ್ ಹೆಸರುಗಳನ್ನೇ ಇಟ್ಟುಕೊಂಡು ಬಂತು. ಘಟನೆಗಳನ್ನು ತುಂಬಾ ಬದಲಾಯಿಸಿತು, ಗಲ್ಲಾಪೆಟ್ಟಿಗೆಯಲ್ಲೂ ನೆಲಕಚ್ಚಿತು.

ಹಾಗಾದರೆ 'ಶೇನ್' ನೋಡಬಾರದೇ? ಖಂಡಿತ ನೋಡಬೇಕು. ಗ್ರ್ಯಾಂಡ್ ಟೀಟನ್ ಬೆಟ್ಟಗಳ ಚೆಲುವಿಗೇ ನೋಡಬಹುದು, ಅದರ ಛಾಯಾಗ್ರಾಹಕ ಲಾಯಲ್ ಗ್ರಿಗ್ಸ್‌ಗೆ ಆಸ್ಕರ್ ಬಂದಿದೆ. ಅದಕ್ಕಿಂತ ಹೆಚ್ಚಾಗಿ, ಕೋವಿಯಿಂದ ಗೆದ್ದವನು ಆ ಗೆಲುವನ್ನು ಅನುಭವಿಸಲು ಅಲ್ಲಿ ಇರಬಾರದು ಎಂದು ಹೇಳುವ ಧೈರ್ಯ ಆ ಸಿನಿಮಾಕ್ಕಿದೆ. ನಮ್ಮ ಎಷ್ಟೋ ಸಿನಿಮಾಗಳಿಗೆ ಅದಿಲ್ಲ.

ಆದರೆ ಮಕ್ಕಳ ಜೊತೆ ನೋಡುವ ಉಪಾಧ್ಯಾಯರಿಗೂ ಹೆತ್ತವರಿಗೂ ಒಂದು ಮಾತು. ಸಿನಿಮಾ ಮುಗಿದ ಮೇಲೆ, ಯಾರು ಬೇಗ ಪಿಸ್ತೂಲು ತೆಗೆದರು ಎಂಬ ಚರ್ಚೆ ಮಕ್ಕಳೇ ಮಾಡಿಕೊಳ್ಳುತ್ತಾರೆ. ನಾವು ಬೇರೆ ಮೂರು ಪ್ರಶ್ನೆ ಕೇಳೋಣ. ವಿಲ್ಸನನಿಗೆ ಸಂಬಳ ಕೊಟ್ಟವರು ಯಾರು? ಉಳಿದ ರೈತರೆಲ್ಲ ಒಟ್ಟಾಗಿದ್ದರೆ ಏನಾಗುತ್ತಿತ್ತು? ಈ ಕಣಿವೆಯಲ್ಲಿ ಇವರಿಗಿಂತ ಮೊದಲು ಇದ್ದವರು ಎಲ್ಲಿಗೆ ಹೋದರು? ನೆಲದ ಜಗಳ ಯಾವ ದೇಶದ್ದೇ ಆಗಲಿ, ಯಾವ ಕಾಲದ್ದೇ ಆಗಲಿ, ಪಾಠಪುಸ್ತಕದಲ್ಲಿ ಅದು ಬಂದಾಗ ಈ ಮೂರು ಪ್ರಶ್ನೆಗಳನ್ನು ಕೇಳಲು ಕಲಿತ ಮಗುವಿಗೆ ಅರ್ಧ ಚರಿತ್ರೆ ಬಂದ ಹಾಗೆ.